ಗುಡ್ಡೆಗೆ ಬೆಂಕಿ ಬಿದ್ದರೆ ಹೆಲಿಕಾಪ್ಟರ್ ಕೇಳಬಹುದಾ? ಕಾಸರಗೋಡು ಕಡೆಯವರು ಹೇಳಿ

ಪೈವಳಿಕೆ ತೋಟ

ಎಲ್ಲರಿಗೂ ನಮಸ್ಕಾರ. ಮೊನ್ನೆ ಮಧ್ಯಾಹ್ನ ನಮ್ಮ ಮನೆಯ ಮೇಲಿನ ಗುಡ್ಡೆಗೆ ಬೆಂಕಿ ಬಿತ್ತು. ಮುಳಿಹುಲ್ಲು ಒಣಗಿ ನಿಂತಿತ್ತು, ಗಾಳಿಯೂ ಜೋರಿತ್ತು. ಗೇರು ಮರಗಳ ಬುಡ ಸುಟ್ಟುಕೊಂಡು ನಮ್ಮ ದನದ ಹಟ್ಟಿಯ ಹಿಂದೆ ತೋಡಿದ ಅಗಳಿನ (ಕಂದಕದ) ತನಕ ಬಂತು. ನೆರೆಕರೆಯವರೆಲ್ಲ ಓಡಿ ಬಂದು ಹಸಿ ಗೆಲ್ಲು ಹಿಡಿದು ಬಡಿದರು. ನಾವು ತೋಟದ ಪಂಪಿಗೆ ಪೈಪ್ ಜೋಡಿಸಿ ನೀರು ಹೊಡೆದೆವು. ಫೈರ್ ಇಂಜಿನ್ ಬಂತು, ಪಾಪ, ಬೇಗನೇ ಬಂತು. ಆದರೆ ನಮ್ಮ ಏರುದಾರಿಯಲ್ಲಿ ಮೇಲೆ ಹತ್ತಲು ಆಗಲಿಲ್ಲ. ಮನೆ ಉಳಿಯಿತು, ದನಗಳೂ ಉಳಿದವು.

ರಾತ್ರಿ ಮಗಳು ಅಮೆರಿಕದ ವಿಡಿಯೋ ತೋರಿಸಿದಳು. ವಿಮಾನ ಬಂದು ಮನೆಗಳ ಹಿಂದಿನ ಗುಡ್ಡಕ್ಕೆ ಕೆಂಪು ನೀರು ಸುರಿಯುತ್ತದೆ, ಹೆಲಿಕಾಪ್ಟರ್ ಕೆರೆಯಿಂದ ನೀರು ಎತ್ತಿ ಹೊಯ್ಯುತ್ತದೆ. ನಮ್ಮ ಜಿಲ್ಲೆಗೂ ಇಂಥ ವ್ಯವಸ್ಥೆ ಬೇಕು ಅಂತ ಗ್ರಾಮಸಭೆಯಲ್ಲಿ ಅರ್ಜಿ ಕೊಡೋಣ ಅಂತಿದ್ದೇನೆ. ಕೇಳುವುದರಲ್ಲಿ ಅರ್ಥ ಇದೆಯಾ? ಯಾರಿಗೆ ಕೇಳಬೇಕು? ತಿಳಿದವರು ಹೇಳಿ.

ಬದಿಯಡ್ಕದ ಮಾಷ್ಟ್ರು

ಮನೆಯವರಿಗೆಲ್ಲ ಏನೂ ಆಗಲಿಲ್ಲವಲ್ಲ, ದೊಡ್ಡ ಸಮಾಧಾನ. ಅರ್ಜಿ ಖಂಡಿತ ಕೊಡಿ. ನಮ್ಮದು ಕೇರಳ ರಾಜ್ಯದ ತುದಿಯ ಜಿಲ್ಲೆ. ಕೇಳದೆ ನಮಗೆ ಯಾವುದೂ ಬಂದದ್ದಿಲ್ಲ.

ಮುಳ್ಳೇರಿಯ, ನಿವೃತ್ತ ವಾಯುಸೇನೆ

ಅಣ್ಣಾ, ನಾನು ವಾಯುಸೇನೆಯಲ್ಲಿ ಹೆಲಿಕಾಪ್ಟರ್ ದುರಸ್ತಿಯ ಕೆಲಸದಲ್ಲಿದ್ದವನು. ಈಗ ತೋಟ ನೋಡಿಕೊಂಡಿದ್ದೇನೆ. ನನಗೆ ತಿಳಿದಷ್ಟನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ದೇಶದಲ್ಲಿ ಕಾಡಿನ ಬೆಂಕಿಗೆ ಜಾಸ್ತಿ ಬಳಕೆಯಾಗುವುದು ವಾಯುಸೇನೆಯ ಎಂಐ-17 ಹೆಲಿಕಾಪ್ಟರ್. ಅದರ ಅಡಿಯ ಕೊಕ್ಕೆಗೆ ಉದ್ದ ಹಗ್ಗದಲ್ಲಿ ಒಂದು ದೊಡ್ಡ ಬಕೆಟ್ ತೂಗುಹಾಕುತ್ತಾರೆ. ಬಾಂಬಿ ಬಕೆಟ್ ಅಂತ ಹೆಸರು, ಕೆನಡಾದ ಕಂಪನಿಯದು. ದಪ್ಪ ಬಟ್ಟೆಯದಾದ್ದರಿಂದ ಮಡಚಿ ಒಯ್ಯಬಹುದು. ಕೆರೆಯ ಮೇಲೆ ನಿಂತು ಬಕೆಟ್ ಮುಳುಗಿಸಿ ಎತ್ತುತ್ತಾರೆ, ಬೆಂಕಿಯ ಮೇಲೆ ಹೋಗಿ ಅಡಿಯ ಬಾಯಿ ತೆರೆಯುತ್ತಾರೆ. ಒಂದು ಸಲಕ್ಕೆ 3,500 ಲೀಟರ್‌ವರೆಗೆ ಹಿಡಿಯುತ್ತದೆ. ನಿಮ್ಮ ಮನೆ ತನಕ ಹತ್ತಲಾಗದ ಫೈರ್ ಇಂಜಿನ್‌ನಲ್ಲಿ ಇದಕ್ಕಿಂತ ಜಾಸ್ತಿ ನೀರು ಇರುತ್ತದೆ.

ನೀರು ಬಿಡುವ ಎತ್ತರವೂ ಸರಿಯಾಗಿರಬೇಕು. ತುಂಬ ಮೇಲಿನಿಂದ ಬಿಟ್ಟರೆ ನೀರು ಹನಿಹನಿಯಾಗಿ ಚೆದುರಿ, ಬಿಸಿಗೆ ಆವಿಯಾಗಿ ಹೋಗುತ್ತದೆ. ತುಂಬ ಕೆಳಗಿಳಿದರೆ ರೆಕ್ಕೆಯ ಗಾಳಿಯೇ ಬೆಂಕಿಯನ್ನು ಊದಿ ಹಬ್ಬಿಸುತ್ತದೆ. ನಮ್ಮ ಕಡೆ ಹಂಚಿನ ಮಾಡುಗಳೇ ಜಾಸ್ತಿ ಅಲ್ವಾ? ಎಂಐ-17 ತುಂಬಿದಾಗ 13 ಟನ್ ತನಕ ತೂಗುವ ಯಂತ್ರ. ಅದರ ಗಾಳಿಗೆ ಹಂಚು ಹಾರುತ್ತದೆ. ಇನ್ನು ನೀರೇ ಮೂರೂವರೆ ಟನ್. ಕೆಳಗೆ ಜನ ಗೆಲ್ಲು ಹಿಡಿದು ಬಡಿಯುತ್ತಿದ್ದರೆ ಅವರ ಮೇಲೆ ಸುರಿಯುವ ಹಾಗೇ ಇಲ್ಲ, ಮೊದಲು ಅವರನ್ನು ದೂರ ಕಳುಹಿಸಬೇಕು.

ನೀರೆತ್ತುವ ಜಾಗವೂ ಬೇಕು. ಬಕೆಟ್ ಮುಳುಗುವಷ್ಟು ಆಳ, ಸುತ್ತ ಬಯಲು, ಮೇಲೆ ತಂತಿ ಇರಬಾರದು. ನಮ್ಮ ಕೆರೆಗಳ ಸುತ್ತ ಅಡಿಕೆ, ತೆಂಗು. ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರಂತೂ ಗುಡ್ಡೆಯ ಹೊಟ್ಟೆಯೊಳಗೆ. ಗುಡ್ಡೆ ಮೇಲಿನ ಪಳ್ಳಗಳು, ಅಂದರೆ ಮಳೆನೀರು ನಿಲ್ಲುವ ಹೊಂಡಗಳು, ಬೆಂಕಿಯ ಕಾಲಕ್ಕೆ ಬತ್ತಿರುತ್ತವೆ.

ಕೊನೆಗೆ ದೂರದ ಮಾತು. ಇಂಥ ಹೆಲಿಕಾಪ್ಟರ್ ಇರುವುದು ಕೊಯಮತ್ತೂರು ಹತ್ತಿರದ ಸೂಳೂರಿನ ವಾಯುನೆಲೆಯಲ್ಲಿ. ನಮ್ಮಲ್ಲಿಂದ ನೇರ ಗೆರೆ ಎಳೆದರೂ 250 ಕಿಲೋಮೀಟರಿಗಿಂತ ಜಾಸ್ತಿ. ಜಿಲ್ಲಾಧಿಕಾರಿ ರಾಜ್ಯ ಸರಕಾರಕ್ಕೆ ಹೇಳಬೇಕು, ಅಲ್ಲಿಂದ ವಾಯುಸೇನೆಗೆ ಹೋಗಬೇಕು, ಬಕೆಟ್ ಕಟ್ಟಬೇಕು, ಮತ್ತೆ ಹಾರಿ ಬರಲು ಒಂದು ಗಂಟೆಯ ಮೇಲೆ. ಮುಳಿಹುಲ್ಲಿನ ಬೆಂಕಿ ಅಷ್ಟು ಹೊತ್ತು ಕಾಯುತ್ತದಾ? ನಿಮ್ಮ ಮನೆ ಉಳಿಸಿದ್ದು ಮೊದಲ ಅರ್ಧ ಗಂಟೆಯ ಕೆಲಸ. ಅರ್ಜಿಯಲ್ಲಿ ಆ ಅರ್ಧ ಗಂಟೆಗೆ ಏನು ಬೇಕೋ ಅದನ್ನು ಮೊದಲು ಕೇಳಿ ಅಂತ ನನ್ನ ಅಭಿಪ್ರಾಯ.

ಬದಿಯಡ್ಕದ ಮಾಷ್ಟ್ರು

ನೀವು ಹೇಳಿದ್ದು ಒಪ್ಪಬೇಕಾದದ್ದೇ. ಆದರೆ ದೂರ ಇದೆ ಅಂತ ಕೇಳುವುದನ್ನೇ ಬಿಟ್ಟರೆ ದೂರ ಯಾವತ್ತೂ ಕಡಿಮೆಯಾಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿ ಹೊತ್ತಿದಾಗ ನೌಕಾಪಡೆಯ, ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಅಂದರೆ ನಮ್ಮ ರಾಜ್ಯಕ್ಕೆ ಇದು ಹೊಸತಲ್ಲ.

ಕೂನೂರಿನಿಂದ

ನಾನು ಮೂಲ ಮಂಜೇಶ್ವರದವಳು, ಮದುವೆಯಾಗಿ ನೀಲಗಿರಿಗೆ ಬಂದೆ. 2024ರ ಮಾರ್ಚ್‌ನಲ್ಲಿ ಇಲ್ಲಿ ಫಾರೆಸ್ಟ್ ಡೇಲ್ ಕಡೆ ಕಾಡು ದಿನಗಟ್ಟಲೆ ಉರಿಯಿತು. ಸೂಳೂರಿನಿಂದ ಎಂಐ-17 ಬಂದಿತ್ತು. ರೇಲಿಯಾ ಅಣೆಕಟ್ಟಿನಿಂದ ನೀರು ಎತ್ತಿ ಸುರಿದರು. ಒಟ್ಟು 16,000 ಲೀಟರಿಗಿಂತ ಜಾಸ್ತಿ ಸುರಿದೆವು ಅಂತ ವಾಯುಸೇನೆಯೇ ಹೇಳಿತು.

ಲೆಕ್ಕಕ್ಕೆ ಅದು ನಾಲ್ಕೈದು ಬಕೆಟ್. ತೋಟದ ಒಳ್ಳೆಯ ಪಂಪು ಒಂದೆರಡು ಗಂಟೆಯಲ್ಲಿ ಎತ್ತುವಷ್ಟು ನೀರು. ಆದರೆ ನಮ್ಮ ಇಳಿಜಾರು ನೀವು ನೋಡಬೇಕು. ಅಲ್ಲಿಗೆ ಪಂಪೂ ಹೋಗುವುದಿಲ್ಲ, ಪೈಪೂ ಹೋಗುವುದಿಲ್ಲ, ಮನುಷ್ಯ ನಿಲ್ಲಲು ಜಾಗ ಇಲ್ಲ. ಡಿಸೆಂಬರ್, ಜನವರಿಯ ಹಿಮಕ್ಕೆ ಹುಲ್ಲು ಸುಟ್ಟಂತೆ ಒಣಗುತ್ತದೆ. ಮಾರ್ಚ್ ಬರುವಾಗ ಒಂದು ಕಿಡಿ ಸಾಕು. ಅಂಥ ಜಾಗದಲ್ಲಿ ಮೇಲಿನಿಂದ ಬಿದ್ದ ನೀರು ಉರಿಯನ್ನು ತಗ್ಗಿಸಿತು. ಆಮೇಲೆ ಅರಣ್ಯ ಇಲಾಖೆಯವರು, ಅಗ್ನಿಶಾಮಕದವರು ಹತ್ತಿರ ಹೋಗಿ, ಬೆಂಕಿ ದಾಟದ ಹಾಗೆ ಹುಲ್ಲು ತೆಗೆದು ಬೆಂಕಿರೇಖೆ ಕಡಿದು, ಬುಡದ ಕೆಂಡ ಕೆದಕಿ ಆರಿಸಿದರು. ಆದ್ದರಿಂದ ಹೆಲಿಕಾಪ್ಟರ್ ಬೇಡವೇ ಬೇಡ ಅನ್ನಬೇಡಿ. ನಮ್ಮಂಥ ಕಡಿದಾದ ಬೆಟ್ಟಕ್ಕೆ ಅದು ಬೇಕೇ ಬೇಕು.

ಕುಪ್ಪಂ ಕಡೆಯವನು

2014ರ ಮಾರ್ಚ್‌ನಲ್ಲಿ ತಿರುಮಲದ ಕಾಡು ಹೊತ್ತಿದಾಗಲೂ ಹೀಗೇ ಹೆಲಿಕಾಪ್ಟರ್ ಬಂದಿತ್ತು, ಆಗ ತಿರುಮಲ ನಮ್ಮ ಚಿತ್ತೂರು ಜಿಲ್ಲೆಯಲ್ಲೇ ಇತ್ತು. ಬೆಟ್ಟದ ಮೇಲೇ ಅಣೆಕಟ್ಟುಗಳು ಇದ್ದದ್ದರಿಂದ ನೀರಿಗೆ ದೂರ ಹೋಗಬೇಕಾಗಿ ಬರಲಿಲ್ಲ. ಮುಳ್ಳೇರಿಯದ ಅಣ್ಣ ಹೇಳಿದ ನೀರಿನ ವಿಷಯ ನೂರಕ್ಕೆ ನೂರು ಸರಿ.

ಪೆರ್ಲದ ಅಕ್ಕ

ನನಗೆ ಹೆಲಿಕಾಪ್ಟರ್ ಅಂದ ಕೂಡಲೇ ಹೊಟ್ಟೆ ತೊಳಸುತ್ತದೆ. ಇಲ್ಲಿಯ ಹುಡುಗರಿಗೆ ಬಹುಶಃ ನೆನಪಿರಲಿಕ್ಕಿಲ್ಲ. 2000ದ ತನಕ ನಮ್ಮ ಗುಡ್ಡೆಗಳ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದಲೇ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಕೆಳಗೆ ನಮ್ಮ ಬಾವಿ, ನಮ್ಮ ಸುರಂಗ, ಶಾಲೆಗೆ ಹೋಗುವ ಮಕ್ಕಳು. ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ನಿಷೇಧಿಸಿದ್ದು 2011ರಲ್ಲಿ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ಇವತ್ತಿಗೂ ನೋಡಿಕೊಳ್ಳುತ್ತಿರುವ ಮನೆಗಳು ನಮ್ಮ ಸುತ್ತಲೇ ಇವೆ.

ಆ ವಿಡಿಯೋದ ಕೆಂಪು ನೀರಿನಲ್ಲಿ ಏನಿದೆ? ಮೊದಲು ಅದು ಗೊತ್ತಾಗಲಿ. ಮೇಲಿನಿಂದ ಏನು ಬಿದ್ದರೂ ಕೊನೆಗೆ ನಮ್ಮ ಕೊಡಪಾನಕ್ಕೇ ಬರುವುದು.

ಮುಳ್ಳೇರಿಯ, ನಿವೃತ್ತ ವಾಯುಸೇನೆ

ಅಕ್ಕಾ, ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲೇಬೇಕು. ಇಲ್ಲಿ ಮೇಲೆ ಹೇಳಿದ ಬಕೆಟ್ ಕೆಲಸಗಳಲ್ಲಿ ಸುರಿದದ್ದು ಬರೀ ನೀರು.

ಅಮೆರಿಕದ ಕೆಂಪು ದ್ರವ ಬೇರೆ. ಅದರಲ್ಲಿ ಮುಖ್ಯವಾಗಿ ಇರುವುದು ಅಮೋನಿಯಂ ಫಾಸ್ಫೇಟ್. ನಾವು ತೋಟಕ್ಕೆ ಹಾಕುವ ಡಿಎಪಿ ಗೊಬ್ಬರದ ಜಾತಿಯದೇ. ದಪ್ಪ ಬರಲು ಗೋರಿಕಾಯಿ ಬೀಜದ ಅಂಟಿನಂಥದ್ದನ್ನು ಸೇರಿಸುತ್ತಾರೆ. ಎಲ್ಲಿ ಬಿತ್ತು ಅಂತ ಪೈಲಟ್‌ಗೆ ಕಾಣಲು ಕಬ್ಬಿಣದ ಆಕ್ಸೈಡಿನ ಕೆಂಪು. ಅದನ್ನು ಉರಿಯ ಮೇಲೆ ಹಾಕುವುದಕ್ಕಿಂತ ಜಾಸ್ತಿ, ಉರಿ ಬರುವ ದಾರಿಯಲ್ಲಿ ಮೊದಲೇ ಗೆರೆಯಂತೆ ಹಾಕುತ್ತಾರೆ. ನೀರು ಆರಿದ ಮೇಲೂ ಆ ಉಪ್ಪು ಹುಲ್ಲಿನ ಮೇಲೆ ಉಳಿದು, ಉರಿಯುವ ಬದಲು ಕರಕಲಾಗುವಂತೆ ಮಾಡುತ್ತದೆ.

ಹಾಗಂತ ಅದು ನಿರಪಾಯ ಅಲ್ಲ. ಹೊಳೆಗೆ ಬಿದ್ದರೆ ಮೀನು ಸಾಯುತ್ತವೆ. ಅದಕ್ಕೇ ಅಲ್ಲಿಯ ಅರಣ್ಯ ಇಲಾಖೆ ನೀರಿನ ಎರಡೂ ದಡದಿಂದ 300 ಅಡಿ ಬಿಟ್ಟು ಹಾಕಬೇಕು ಅಂತ ನಿಯಮ ಮಾಡಿಕೊಂಡಿದೆ. 2023ರಲ್ಲಿ ಮೊಂಟಾನಾದ ನ್ಯಾಯಾಲಯ ಇದಕ್ಕೆ ಜಲಮಾಲಿನ್ಯ ಕಾನೂನಿನ ಪರವಾನಗಿ ಬೇಕು ಅಂತ ಹೇಳಿತು, ಬಳಕೆ ನಿಲ್ಲಿಸಲಿಲ್ಲ. ನಮ್ಮಲ್ಲಿ ಹೆಜ್ಜೆಗೊಂದು ತೋಡು, ಗುಡ್ಡೆಗೊಂದು ಸುರಂಗ. 300 ಅಡಿ ಬಿಡಲು ಜಾಗವೇ ಎಲ್ಲಿದೆ? ಅರ್ಜಿಯಲ್ಲಿ ರಾಸಾಯನಿಕ ಬೇಡ, ನೀರು ಮಾತ್ರ ಅಂತ ಸ್ಪಷ್ಟವಾಗಿ ಬರೆಯಬೇಕು. ಅಕ್ಕನ ಮಾತಿನ ನಂತರ ಅದರಲ್ಲಿ ಎರಡನೇ ಮಾತಿಲ್ಲ.

ಕುಂಬಳೆಯವ, ಸದ್ಯ ಲಾಸ್ ಏಂಜಲೀಸ್

2025ರ ಜನವರಿ 7ಕ್ಕೆ ಇಲ್ಲಿ ಬೆಂಕಿ ಎದ್ದಾಗ ನಾನು ಇಲ್ಲೇ ಇದ್ದೆ. ಜಗತ್ತಿನಲ್ಲಿ ಬೆಂಕಿ ಆರಿಸಲು ಅತಿ ಹೆಚ್ಚು ವಿಮಾನ ಇರುವ ಊರುಗಳಲ್ಲಿ ಇದೂ ಒಂದು. ಡಿಸಿ-10 ವಿಮಾನ ಒಂದು ಸಲಕ್ಕೆ ಸುಮಾರು 35,000 ಲೀಟರ್ ಹೊರುತ್ತದೆ. ಸೂಪರ್ ಸ್ಕೂಪರ್ ಎಂಬ ಹಳದಿ ವಿಮಾನ ಸಮುದ್ರದ ಮೇಲೆ ಉಜ್ಜಿಕೊಂಡು ಹೋಗಿ ಹನ್ನೆರಡೇ ಸೆಕೆಂಡಿನಲ್ಲಿ 6,000 ಲೀಟರ್ ತುಂಬಿಕೊಳ್ಳುತ್ತದೆ. ಇಷ್ಟೆಲ್ಲ ಇದ್ದೂ ಮೊದಲ ರಾತ್ರಿ ಅವು ನೆಲ ಬಿಟ್ಟು ಏಳಲಾಗಲಿಲ್ಲ. ಗಾಳಿ ಕೆಲವು ಕಡೆ ಗಂಟೆಗೆ 130 ಕಿಲೋಮೀಟರ್ ಮುಟ್ಟಿತ್ತು. ಅಂಥ ಗಾಳಿಯಲ್ಲಿ ಹಾರಿದರೂ ಬಿಟ್ಟ ನೀರು ಗುರಿಗೆ ಬೀಳುವುದಿಲ್ಲ. ಪ್ಯಾಲಿಸೇಡ್ಸ್ ಎಂಬ ಬಡಾವಣೆಯಲ್ಲಿ ಒಂದೊಂದೂ ಸುಮಾರು 38 ಲಕ್ಷ ಲೀಟರಿನ ಮೂರು ಟ್ಯಾಂಕ್ ಬೆಳಗಾಗುವ ಮೊದಲೇ ಖಾಲಿಯಾದವು. ಪ್ಯಾಲಿಸೇಡ್ಸ್, ಈಟನ್ ಎಂಬ ಎರಡು ಬೆಂಕಿಗಳಿಗೆ ಸೇರಿ 16,000ಕ್ಕಿಂತ ಜಾಸ್ತಿ ಕಟ್ಟಡ ಹೋದವು.

ಇನ್ನೊಂದು ವಿಷಯ. ಜನವರಿ 9ರಂದು ಯಾರೋ ಹಾರಿಸಿದ ಡ್ರೋನ್ ಬಡಿದು ಒಂದು ಸೂಪರ್ ಸ್ಕೂಪರಿನ ರೆಕ್ಕೆಗೆ ತೂತಾಯಿತು. ಅದನ್ನು ಕೆನಡಾದ ಕ್ವಿಬೆಕ್‌ನಿಂದ ತರಿಸಿದ್ದರು. ಬೇಕಾದ ಹೊತ್ತಿಗೇ ಅದು ಮೂಲೆ ಸೇರಿತು. ನಮ್ಮೂರಲ್ಲಿ ಈಗ ಮದುವೆಗೂ ಡ್ರೋನ್, ಜಾತ್ರೆಗೂ ಡ್ರೋನ್. ಗುಡ್ಡೆ ಉರಿಯುವಾಗ ದಯವಿಟ್ಟು ಯಾರೂ ಹಾರಿಸಬೇಡಿ.

ಒಂದೇ ಬೀದಿಯಲ್ಲಿ ಒಂದು ಮನೆ ಬೂದಿ, ಪಕ್ಕದ್ದು ಹಾಗೇ ನಿಂತದ್ದನ್ನು ಕಂಡೆ. ಬಹಳ ಮನೆಗಳಿಗೆ ಬೆಂಕಿ ಹಿಡಿಸಿದ್ದು ದೊಡ್ಡ ಜ್ವಾಲೆ ಅಲ್ಲ, ಗಾಳಿಯಲ್ಲಿ ಹಾರಿ ಬಂದ ಕಿಡಿ. ಜಾಕ್ ಕೋಹೆನ್ ಎಂಬ ಅಮೆರಿಕದ ಅರಣ್ಯ ಇಲಾಖೆಯ ನಿವೃತ್ತ ವಿಜ್ಞಾನಿ ದಶಕಗಳಿಂದ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಮನೆ ಮತ್ತು ಅದರ ಸುತ್ತಿನ ಸುಮಾರು 30 ಮೀಟರ್ ಜಾಗ ಹೇಗಿದೆ ಎಂಬುದರ ಮೇಲೆ ಮನೆಯ ಗತಿ ನಿಂತಿದೆ ಅಂತ.

ಪೈವಳಿಕೆ ತೋಟ

ಇದನ್ನು ಓದಿ ಹಟ್ಟಿಯ ಕಡೆ ಹೋಗಿ ನೋಡಿದೆ. ಗೊಬ್ಬರಕ್ಕೆ ಗುಡ್ಡೆಯಿಂದ ತಂದ ತರಗೆಲೆ ರಾಶಿ ಗೋಡೆಗೆ ತಾಗಿಕೊಂಡೇ ಇದೆ. ಅದರ ಪಕ್ಕ ಬೈಹುಲ್ಲು, ಮೇಲೆ ಅಡಿಕೆ ಸೋಗೆ. ಸೌದೆ ಕೊಟ್ಟಿಗೆಯೂ ಗುಡ್ಡೆಯ ಬದಿಗೇ. ನಮ್ಮಲ್ಲಿ ಎಲ್ಲರ ಮನೆಯೂ ಹೀಗೇ ಅಲ್ವಾ? ತರಗೆಲೆ ಇಲ್ಲದೆ ಹಟ್ಟಿ ನಡೆಯುವುದಿಲ್ಲ. ಹಾಗಾದರೆ ಏನು ಮಾಡಬಹುದು?

ಉಪ್ಪಳ, ಸಿವಿಲ್ ಡಿಫೆನ್ಸ್ ಸ್ವಯಂಸೇವಕ

ನಾನು ಅಗ್ನಿಶಾಮಕ ಇಲಾಖೆಯ ಕೆಳಗೆ ತರಬೇತಿ ಪಡೆದವನು. ಮಾವ, ತರಗೆಲೆ ಬಿಡಬೇಕಾಗಿಲ್ಲ. ಜನವರಿಯಿಂದ ಮಳೆ ಬರುವ ತನಕ ಅದನ್ನು ಹಟ್ಟಿಯ ತೋಟದ ಬದಿಗೆ ಹಾಕಿ, ಗುಡ್ಡೆಯ ಬದಿಗೆ ಬೇಡ. ಬೆಂಕಿ ಏರು ಕಂಡರೆ ಓಡುತ್ತದೆ, ಹತ್ತು ಡಿಗ್ರಿ ಏರಿಗೆ ಅದರ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ಗುಡ್ಡೆಯ ತಲೆಯಲ್ಲಿ ಮನೆ ಇದ್ದವರಿಗೆ ಅಪಾಯ ಜಾಸ್ತಿ. ನಿಮ್ಮದು ತಗ್ಗಿನಲ್ಲಿದೆ. ನಿಮಗೆ ಹಾರುವ ಕಿಡಿ ಮತ್ತು ಉರುಳಿ ಬರುವ ಕೊಳ್ಳಿಯ ಭಯ.

ಹಂಚಿನ ಸಂದಿನಲ್ಲಿ ಕೂತ ಒಣ ಎಲೆ ತೆಗೆಯಿರಿ. ಮಾಡಿನ ಮಳೆನೀರು ಹರಿಯುವ ದಂಬೆಯಲ್ಲಿ ಎಲೆ ತುಂಬಿದ್ದರೆ ಅದನ್ನೂ. ಕಿಡಿ ಹೋಗಿ ಕೂರುವುದೇ ಅಲ್ಲಿ. ಗೋಡೆಯ ಸುತ್ತ ಎರಡು ಮಾರು ಜಾಗದಲ್ಲಿ ಸೌದೆ, ಗೋಣಿ, ಪ್ಲಾಸ್ಟಿಕ್, ಗ್ಯಾಸ್ ಸಿಲಿಂಡರ್ ಏನೂ ಬೇಡ. ಅಗಳನ್ನು ಈ ವರ್ಷ ಹೆರೆದು ಮಣ್ಣು ಕಾಣುವ ಹಾಗೆ ಮಾಡಿ. ಮೊನ್ನೆ ಬೆಂಕಿ ಅಲ್ಲೇ ನಿಂತಿತಲ್ಲ, ಅದೇ ನಿಮ್ಮ ಬೆಂಕಿರೇಖೆ. ತೋಟದ ಸ್ಪ್ರಿಂಕ್ಲರ್ ಲೈನಿನಿಂದ ಒಂದು ಕವಲು ತೆಗೆದು ಗುಡ್ಡೆಯ ಬದಿಗೆ ಜೆಟ್ ಇಡಬಹುದು. ಆದರೆ ಬೆಂಕಿ ಬಿದ್ದಾಗ ಮೊದಲು ಹೋಗುವುದೇ ಕರೆಂಟು. ಡೀಸೆಲ್ ಪಂಪು ನೆರೆಕರೆಯಲ್ಲಿ ಒಂದಾದರೂ ಇರಲಿ. ಸಿಲ್ಪಾಲಿನ್ ಪ್ಲಾಸ್ಟಿಕ್ ಶೀಟು ಹೊದೆಸಿದ ನೀರಿನ ಹೊಂಡ ಮನೆಗಿಂತ ಎತ್ತರದಲ್ಲಿದ್ದರೆ ಪಂಪೇ ಬೇಡ, ನೀರು ತಾನಾಗಿ ಇಳಿಯುತ್ತದೆ.

ಬಡಿಯಲು ಹೋಗುವಾಗ ಪಾಲಿಯೆಸ್ಟರ್ ಬಟ್ಟೆ ಬೇಡ, ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆ, ಚಪ್ಪಲಿ ಬದಲು ಬೂಟು. ಉರಿಯ ಎದುರು, ಮೇಲಿನ ಬದಿಗೆ ಯಾವತ್ತೂ ನಿಲ್ಲಬಾರದು. ಸುಟ್ಟು ಹೋದ ಕಡೆಯಿಂದ, ಎರಡು ಪಕ್ಕದಿಂದ ಬಡಿಯುತ್ತಾ ಬನ್ನಿ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಒಣಹುಲ್ಲಿನ ಇಳಿಜಾರಿನಲ್ಲೇ ಸಿಕ್ಕಿಕೊಂಡದ್ದು. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಹೋದರು. ಹುಲ್ಲು ಅಂತ ಸಸಾರ ಮಾಡಬೇಡಿ.

ಮತ್ತೆ, ಹೊಗೆ ಕಂಡ ಕೂಡಲೇ 101ಕ್ಕೆ ಫೋನ್ ಮಾಡಿ. ನಾವೇ ಆರಿಸುತ್ತೇವೆ ಅಂತ ಕಾಯಬೇಡಿ.

ತಾಳವಾಡಿ ಹುಡುಗ

ನಮ್ಮದು ಈರೋಡು ಜಿಲ್ಲೆ, ಸುತ್ತ ಸತ್ಯಮಂಗಲದ ಹುಲಿ ಕಾಡು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗಲೂ ವಾಯುಸೇನೆಯ ಹೆಲಿಕಾಪ್ಟರ್ ಬಕೆಟ್ ಹಿಡಿದು ಬಂತು. ಅಷ್ಟರಲ್ಲಿ ಸಾವಿರಾರು ಹೆಕ್ಟೇರ್ ಹೋಗಿತ್ತು.

ನಮ್ಮ ಕಾಡಿನಲ್ಲಿ ದೊಡ್ಡ ತೊಂದರೆ ಲಂಟಾನ ಎಂಬ ಕಳೆ ಪೊದೆ. ನೆಲದ ಬೆಂಕಿಯನ್ನು ಮರದ ತಲೆಗೆ ಹತ್ತಿಸುವ ಏಣಿ ಅದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲು ಬೇಸಿಗೆ ಏರುವ ಮುಂಚೆಯೇ ತರಗು ಬೆಂಕಿ ಹಾಕುತ್ತಿದ್ದರು. ನೆಲದ ತರಗು ಮಾತ್ರ ಸುಡುವ ಸಣ್ಣ ಬೆಂಕಿ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಲಂಟಾನ ಇಷ್ಟು ಹಬ್ಬಲು ಅದೂ ಒಂದು ಕಾರಣ ಅಂತ ಅವರು ಹೇಳುತ್ತಾರೆ. ಅವರ ಮಾತು ಕೇಳಿಸಿಕೊಳ್ಳಬೇಕಾದದ್ದು. ಹಾಗಂತ ಯಾರೂ ತಾವೇ ಹೋಗಿ ಗುಡ್ಡಕ್ಕೆ ಬೆಂಕಿ ಹಾಕಬೇಡಿ. ಅದಕ್ಕೆ ಹೊತ್ತು, ಗಾಳಿ, ತೇವ ಎಲ್ಲ ತಿಳಿದಿರಬೇಕು, ಈಗ ಅದು ಕಾನೂನಿಗೆ ವಿರುದ್ಧವೂ ಹೌದು.

ಇನ್ನೊಂದು ಸಹಾಯ. ಫಾರೆಸ್ಟ್ ಸರ್ವೆ ಆಫ್ ಇಂಡಿಯಾದವರು ಉಪಗ್ರಹದಲ್ಲಿ ಬೆಂಕಿ ಕಂಡರೆ ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ನಮ್ಮ ಮೇಲೆ ಹಾದು ಹೋಗುವುದು. ಹುಲ್ಲಿನ ಬೆಂಕಿ ನಡುವಿನ ಹೊತ್ತಿನಲ್ಲಿ ಹುಟ್ಟಿ ಮುಗಿದೇ ಹೋಗಬಹುದು. ಕಾಡಂಚಿನವರಿಗೆ ಉಪಯೋಗ ಜಾಸ್ತಿ.

ಪೈವಳಿಕೆ ತೋಟ

ಎಲ್ಲರ ಮಾತು ಓದಿದೆ, ಮನೆಯಲ್ಲೂ ಓದಿ ಹೇಳಿದೆ. ಅರ್ಜಿಯನ್ನು ಹೀಗೆ ಬದಲಿಸಿದ್ದೇನೆ. ಪದವಿನ (ಗುಡ್ಡೆ ಮೇಲಿನ ಬಯಲಿನ) ಅಂಚಿನ ಮನೆಗಳಿಗೂ ಗುಡ್ಡೆಗೂ ನಡುವೆ ಹುಲ್ಲು ಹೆರೆಯುವ ಕೆಲಸ ಉದ್ಯೋಗ ಖಾತರಿಯಲ್ಲಿ ಸೇರಿಸಲು ಆಗುತ್ತದೋ ನೋಡಬೇಕು, ಅದೂ ಜನವರಿಯೊಳಗೆ. ಸಣ್ಣ ಫೈರ್ ಗಾಡಿಯಾದರೂ ಹತ್ತುವಷ್ಟು ನಮ್ಮ ಏರುದಾರಿ ಸರಿಯಾಗಬೇಕು. ಪ್ರತಿ ವಾರ್ಡಿಗೆ ಒಂದು ಡೀಸೆಲ್ ಪಂಪು, ಉದ್ದದ ಹೋಸು, ಬಡಿಯುವ ಸಾಮಾನು, ಜೊತೆಗೆ ಸಿವಿಲ್ ಡಿಫೆನ್ಸ್‌ನವರಿಂದ ತರಬೇತಿ. ಬಿಟ್ಟುಹೋದ ಕೆಂಪುಕಲ್ಲಿನ ಕೋರೆಗಳಲ್ಲಿ ನೀರು ಇಂಗದ ಒಂದೆರಡಕ್ಕೆ ಶೀಟು ಹೊದೆಸಿ ಬೇಸಿಗೆಗೂ ನೀರು ಉಳಿಸಬೇಕು.

ಹೆಲಿಕಾಪ್ಟರ್ ಮಾತು ಬಿಟ್ಟಿಲ್ಲ. ಜಿಲ್ಲೆಯಲ್ಲಿ ಬಕೆಟ್ ಮುಳುಗಿಸಬಹುದಾದ ನೀರಿನ ಜಾಗಗಳನ್ನು ಈಗಲೇ ಗುರುತಿಸಿ ವಿಪತ್ತು ಯೋಜನೆಯಲ್ಲಿ ಬರೆದಿಡಿ, ದೊಡ್ಡ ಬೆಂಕಿಗೆ ಕರೆಯುವ ಅಧಿಕಾರಿ ಯಾರು ಅಂತ ನಿಗದಿ ಮಾಡಿ, ಮೇಲಿನಿಂದ ಸುರಿಯುವುದು ನೀರು ಮಾತ್ರ ಅಂತ ಬರೆದಿದ್ದೇನೆ. ಮಾಷ್ಟ್ರೇ, ಭಾಷೆ ತಿದ್ದಿ ಕೊಡಿ. ಮಲಯಾಳದ ಪ್ರತಿಯೂ ಬೇಕು.

ಬದಿಯಡ್ಕದ ಮಾಷ್ಟ್ರು

ಎರಡೂ ನಾನು ಮಾಡಿಕೊಡುತ್ತೇನೆ. ನೀರಿನ ಜಾಗಕ್ಕೆ ಹೊಳೆಗಳನ್ನೂ ಸೇರಿಸಿ. ಚಂದ್ರಗಿರಿ, ಶಿರಿಯಾ ಹೊಳೆಗಳು ಕೆಳಗೆ ಅಗಲವಾಗಿವೆ.

ಮುಳ್ಳೇರಿಯ, ನಿವೃತ್ತ ವಾಯುಸೇನೆ

ಸೇರಿಸಬಹುದು. ಆದರೆ ಅಳಿವೆಯ ಹತ್ತಿರ ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಬರುತ್ತದೆ. ತೋಟದ ಮೇಲೆ ಉಪ್ಪುನೀರು ಬೀಳುವುದು ಬೇಡ. ಸಿಹಿನೀರು ಇರುವ ಮಡುಗಳನ್ನು ಗುರುತಿಸಲಿ, ಅಲ್ಲಿ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳನ್ನೂ ನಕ್ಷೆಯಲ್ಲಿ ಹಾಕಲಿ.

ಪೆರ್ಲದ ಅಕ್ಕ

ಅರ್ಜಿ ಚೆನ್ನಾಗಿದೆ. ಒಂದು ಬಿಟ್ಟುಹೋಗಿದೆ. ಹಾಸಿಗೆ ಹಿಡಿದ ಮಕ್ಕಳು, ವಯಸ್ಸಾದವರು ಇರುವ ಮನೆಗಳ ಪಟ್ಟಿ ವಾರ್ಡ್ ಮೆಂಬರ ಹತ್ತಿರ, ಆಶಾ ಕಾರ್ಯಕರ್ತೆಯ ಹತ್ತಿರ ಇರಬೇಕು. ಹೊಗೆ ಎದ್ದ ಕೂಡಲೇ ಯಾರು ಯಾವ ಮನೆಗೆ ಓಡಬೇಕು, ಯಾರ ಜೀಪು, ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಮೊದಲೇ ಹಂಚಿಕೊಳ್ಳಬೇಕು. ಉಳಿದವರು ಓಡಿ ಹೋಗಬಹುದು. ಅವರಿಗೆ ಆಗುವುದಿಲ್ಲ.

ಪೈವಳಿಕೆ ತೋಟ

ಅಕ್ಕಾ, ಅದನ್ನು ಮೊದಲನೆಯ ಬೇಡಿಕೆಯಾಗಿ ಹಾಕಿದ್ದೇನೆ. ನಮ್ಮ ವಾರ್ಡಿನ ಪಟ್ಟಿಗೆ ನಾಳೆಯೇ ಮೆಂಬರ ಮನೆಗೆ ಹೋಗುತ್ತೇನೆ. ನಮ್ಮ ಜೀಪಿನ ಹೆಸರನ್ನು ಈಗಲೇ ಬರೆದುಕೊಳ್ಳಿ.